ಬೀಗ ಹಾಕಿಟ್ಟ ಬದನೆ ಸಸಿ

ಯಾರನ್ನೂ ಸುಮ್ಮನೆ ನಂಬಿ ನನಗೆ ಅಭ್ಯಾಸವಿಲ್ಲ. ಸಂತೆಯಲ್ಲಿ ತಕ್ಕಡಿಗಿಂತ ಮೊದಲು ತೂಗುವವನ ಕೈ ನೋಡುವವಳು ನಾನು. ಇಂಥವಳ ಮನೆಗೆ ನರಸೀಪುರದ ಕಡೆಯಿಂದ ಮೈದುನನ ಹೆಂಡತಿಯಾಗಿ ಬಂದವಳು, ಬಂದ ವರ್ಷವೇ ನುಗ್ಗೆ ಸೊಪ್ಪು ಅರೆಯಲು ಕೂತಳು.

ಸುತ್ತೂರು ರಸ್ತೆಯ ಪಕ್ಕದಲ್ಲಿ ನಮ್ಮದೊಂದು ಸಸಿ ಮಡಿ. ಹಸಿರು ನೆಟ್ಟಿನ ನೆರಳಲ್ಲಿ ಟ್ರೇಗಳನ್ನು ಜೋಡಿಸಿ ಟೊಮ್ಯಾಟೊ, ಬದನೆ ಸಸಿ ಎಬ್ಬಿಸಿ ರೈತರಿಗೆ ಕೊಡುತ್ತೇವೆ. ಹನ್ನೆರಡು ವರ್ಷ ನಾನೊಬ್ಬಳೇ ಕಟ್ಟಿ ನಿಲ್ಲಿಸಿದ್ದು. ಅವಳು ಬಂದ ಮೇಲೆ ಬಲಗಡೆಯ ಸಾಲು ಅವಳಿಗೆ, ಎಡಗಡೆಯದು ನನಗೆ ಎಂದಾಯಿತು. ಅವಳು ಎಳೆ ನುಗ್ಗೆ ಸೊಪ್ಪನ್ನು ಒರಳಲ್ಲಿ ಅರೆದು, ಬಟ್ಟೆಯಲ್ಲಿ ಹಿಂಡಿ, ಆ ರಸವನ್ನು ಡ್ರಮ್ಮಿನ ನೀರಿಗೆ ಬೆರೆಸಿ ಸಿಂಪಡಿಸುತ್ತಿದ್ದಳು. ಅವಳ ಸಸಿಗಳು ಕಾಂಡ ದಪ್ಪಗಾಗಿ ಎದೆ ಸೆಟೆಸಿ ನಿಂತವು. ಬಂದ ರೈತರು ನೇರವಾಗಿ ಬಲಕ್ಕೇ ತಿರುಗತೊಡಗಿದರು. ನನಗೆ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಬರೀ ಸೊಪ್ಪಿಗೆ ಇಷ್ಟೊಂದು ಕಸುವು ಎಲ್ಲಿಂದ ಬರಬೇಕು? ಗೊಬ್ಬರದಂಗಡಿಯ ಟಾನಿಕ್ ಏನೋ ಬೆರೆಸುತ್ತಾಳೆ ಎಂದುಕೊಂಡೆ. ಅವಳು ನೆಂಟರ ಮನೆಗೆ ಹೋದ ದಿನ ಅವಳ ಟ್ರಂಕಿನ ಹಿಂದೆ, ಅಟ್ಟದ ಮೇಲೆ ಎಲ್ಲಾ ಹುಡುಕಿದೆ. ಬಾಟಲಿ ಸಿಗಲಿಲ್ಲ. ಸಿಗದಿದ್ದದ್ದೇ ನನ್ನ ಅನುಮಾನವನ್ನು ಹೆಚ್ಚಿಸಿತು.

"ಬರೀ ನುಗ್ಗೆ ಸೊಪ್ಪು ಕಣಕ್ಕ. ಬೇಕಾದ್ರೆ ನಿಮ್ ಟ್ರೇಗೂ ಈ ರಸ ಒಡೀತೀನಿ," ಎಂದಳು ಒಮ್ಮೆ.

"ನನ್ ಟ್ರೇ ತಂಟೆಗೆ ಬರ್ಬೇಡ," ಎಂದೆ.

ಆಮೇಲೆ ಇನ್ನೊಂದು ಭಯ ಹತ್ತಿತು. ತನ್ನದಕ್ಕೆ ಒಳ್ಳೆಯದು ಹಾಕುವವಳು ನನ್ನದಕ್ಕೆ ಕೆಟ್ಟದ್ದು ಹಾಕಿದರೆ? ಹೊಸದಾಗಿ ಬದನೆ ಬೀಜ ಹಾಕಿದ ಆರು ಟ್ರೇಗಳನ್ನು ಹೊತ್ತುಕೊಂಡು ಹೋಗಿ, ಹಿತ್ತಲಲ್ಲಿ ಹಿಂದೆ ಕೋಳಿಗೆಂದು ಕಟ್ಟಿದ್ದ ಬಲೆಗೂಡಿನಲ್ಲಿಟ್ಟು ಬೀಗ ಜಡಿದೆ. ಬೀಗದ ಕೈ ನನ್ನ ತಾಳಿಯ ಜೊತೆಗೇ ತೂಗುತ್ತಿತ್ತು. ಅವಳ ಕೈ ತಾಗುವ ಡ್ರಮ್ಮಿನ ನೀರನ್ನೂ ಮುಟ್ಟಲಿಲ್ಲ. ಬಚ್ಚಲ ಹಂಡೆಗೆ ನೀರು ತುಂಬುವವಳು, ಉರಿ ಹಾಕುವವಳು ನಾನೇ. ಅತ್ತೆಯ ಸ್ನಾನವಾದ ಮೇಲೆ ಉಳಿದ ನೀರು ಆರಿದ ಮೇಲೆ ಅದನ್ನೇ ದಿನಾ ಸಸಿಗೆ ಚಿಮುಕಿಸಿದೆ.

ಮೂರು ವಾರವಾದರೂ ಅರ್ಧಕ್ಕರ್ಧ ಬೀಜ ಮೊಳೆಯಲೇ ಇಲ್ಲ. ಮೊಳೆತವು ಎರಡೆಲೆಗೇ ನಿಂತು ಹಳದಿಗೆ ತಿರುಗಿದವು.

"ಇನ್ನೊಂದು ಬೀಗದ ಕೈ ಮಾಡ್ಸಿದ್ದೀಯಾ ಹೇಳು," ಎಂದು, ಆ ಟ್ರೇಗಳನ್ನು ಅಂಗಳಕ್ಕೆ ತಂದಿಟ್ಟು, ಸಸಿ ಕೊಳ್ಳಲು ಬಂದಿದ್ದವರ ಮುಂದೆಯೇ ಕೇಳಿಬಿಟ್ಟೆ. ಅವಳು ನನ್ನನ್ನು ನೋಡಿದಳು, ಟ್ರೇಗಳನ್ನು ನೋಡಿದಳು. ಸಂಜೆ ಬಸ್ಸಿಗೆ ತವರಿಗೆ ಹೊರಟುಹೋದಳು.

ಮಾರನೆಯ ದಿನ, ಅವಳು ಏನು ಹಾಕಿದಳೆಂದು ಪತ್ತೆ ಮಾಡಿಯೇ ತೀರುತ್ತೇನೆಂದು ಒಂದು ಸಸಿಯನ್ನು ಬೇರು ಸಮೇತ ಕಿತ್ತು ಮೂಸಿದೆ. ಅತ್ತೆಯ ಸ್ನಾನದ ವಾಸನೆ ಬಂತು. ಅತ್ತೆಯ ಮಂಡಿನೋವಿಗೆಂದು ಚಳಿಗಾಲ ಹಿಡಿದಾಗಿನಿಂದ ಆ ಹಂಡೆಗೆ ಕಂತೆಗಟ್ಟಲೆ ನೀಲಗಿರಿ ಸೊಪ್ಪು ತುಂಬಿ ಕುದಿಸುತ್ತಿದ್ದವಳು ನಾನು. ನೀಲಗಿರಿ ಮರದಡಿ ಹುಲ್ಲೂ ಏಳುವುದಿಲ್ಲವೆಂದು ಬೇರೆಯವರಿಗೆ ಬುದ್ಧಿ ಹೇಳುತ್ತಿದ್ದವಳೂ ನಾನೇ. ನಾಚಿಕೆಯಿಂದ ಅಲ್ಲೇ ಕೂತುಬಿಟ್ಟೆ.

ಮರುದಿನ ಬೆಳಗ್ಗೆ ಮೊದಲ ಬಸ್ಸಿಗೇ ನರಸೀಪುರಕ್ಕೆ ಹೋದೆ. ಅವಳು ತವರಿನ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ನಿಂತಲ್ಲೇ ಎಲ್ಲಾ ಒಪ್ಪಿಕೊಂಡೆ.

"ನಂಗೊತ್ತಿತ್ತು ಕಣಕ್ಕ. ಆವತ್ತು ಅಂಗಳದಲ್ಲೇ ವಾಸ್ನೆ ಬತ್ತಿತ್ತು," ಎಂದಳು.

"ಆಗ್ಲೇ ಹೇಳ್ಬಾರ್ದಾಗಿತ್ತಾ?"

"ಏಳಿದ್ರೆ ನಂಬ್ತಿದ್ರಾ?"

ಇಲ್ಲ, ನಂಬುತ್ತಿರಲಿಲ್ಲ. ಹಾಗೆಂದು ಹೇಳಿ, ಕೊರಳಿನಿಂದ ಬೀಗದ ಕೈ ಬಿಚ್ಚಿ ಅವಳ ಮುಂದೆ ಇಟ್ಟೆ.

ಅವಳು ಅದನ್ನು ಮುಟ್ಟಲಿಲ್ಲ. "ಇದ್ ನಂಗ್ಯಾಕೆ? ಓಗಿ ಬೀಗ ತೆಗ್ದಾಕಿ. ಆಮೇಲ್ ಬತ್ತೀನಿ," ಎಂದು ಮತ್ತೆ ಅವರೆಕಾಯಿಗೆ ಕೈ ಹಾಕಿದಳು.