ಮುದ್ದಮ್ಮನ ಸೊಪ್ಪಿನ ಜಾಗ

ನಂಜನಗೂಡಿನ ಕಡೆಯ ಹದಿನಾರು ಎಂಬ ಊರಿನಲ್ಲಿ ಸೊಪ್ಪು ಕೊಯ್ಯುವ ಹೆಂಗಸನ್ನು ‘ಎಲ್ಲಿ ಕೊಯ್ದೆ’ ಎಂದು ಕೇಳುವುದು ಮರ್ಯಾದೆಯಲ್ಲ. ಕೇಳಿದರೆ ಆಕೆ ಸುಳ್ಳು ಹೇಳುತ್ತಾಳೆ. ಅದು ಸುಳ್ಳೆಂದು ಕೇಳಿದವರಿಗೂ ಗೊತ್ತು, ಪಕ್ಕದಲ್ಲಿ ನಿಂತವರಿಗೂ ಗೊತ್ತು. ಎಲ್ಲರೂ ನಕ್ಕು ತಂತಮ್ಮ ದಾರಿ ಹಿಡಿಯುತ್ತಾರೆ. ಬೆರಕೆ ಸೊಪ್ಪು ಯಾರೂ ಬಿತ್ತಿ ಬೆಳೆದದ್ದಲ್ಲ. ಅಣ್ಣೆ, ಗಣಕೆ, ಹೊನಗೊನ್ನೆ ಎಲ್ಲ ಹೊಲದ ಬದುವಿನಲ್ಲಿ ತಾವಾಗಿಯೇ ಹುಟ್ಟುವಂಥವು. ಜಾಗ ಗೊತ್ತಿದ್ದವಳದೇ ಬೆಳೆ. ಊರಿಗೆಲ್ಲ ಗೊತ್ತಾದರೆ ವಾರದೊಳಗೆ ಬದು ಬೋಳು.

ಮುದ್ದಮ್ಮ ಅಂಥದೊಂದು ಜಾಗವನ್ನು ನಂಬಿ ಸಂಸಾರ ತೂಗಿಸಿದವಳು. ಬೆಳಿಗ್ಗೆ ಕೊಯ್ದು, ಬಸ್ಸಿನಲ್ಲಿ ನಂಜನಗೂಡಿಗೆ ಒಯ್ದು, ಮಾರಿ, ಮಧ್ಯಾಹ್ನಕ್ಕೆ ಬರಿ ಬುಟ್ಟಿಯೊಂದಿಗೆ ಬರುತ್ತಾಳೆ. ಮಗಳು ಭಾನುಪ್ರಿಯಾ ಡಿಗ್ರಿ ಓದಿದ್ದೂ ಆ ಸೊಪ್ಪಿನಿಂದಲೇ. ಆದರೂ ಅವಳಿಗೆ ಜಾಗ ತೋರಿಸಿಲ್ಲ. ಮಕ್ಕಳ ಬಾಯಿಗೆ ಬೀಗವಿಲ್ಲವೆಂದು ಚಿಕ್ಕವಳಿದ್ದಾಗ ತೋರಿಸಲಿಲ್ಲ. ದೊಡ್ಡವಳಾದ ಮೇಲೆ ಅವಳಾಗಿ ಕೇಳಲಿಲ್ಲ.

ತನ್ನ ಗುಟ್ಟನ್ನು ಇಷ್ಟು ಕಾಯುವ ಮುದ್ದಮ್ಮನಿಗೆ ಮಿಕ್ಕವರದೆಲ್ಲ ಬೇಕು. ಬಸ್ಸಿನಲ್ಲಿ ಪಕ್ಕದವರ ಚೀಲದಲ್ಲಿ ಏನಿದೆಯೆಂದು ತಿಳಿಯುವವರೆಗೆ ಅವಳಿಗೆ ಸಮಾಧಾನವಿಲ್ಲ. ಅಂಥವಳ ಮಗಳು ನಂಜನಗೂಡಿನ ಮಹಡಿ ಮೇಲಿನ ಆಫೀಸಿನಲ್ಲಿ ಕಂಪ್ಯೂಟರ್ ಕೆಲಸಕ್ಕೆ ಸೇರಿದರೆ ಸುಮ್ಮನೆ ಬಿಟ್ಟಾಳೆ?

"ಅದೇನ್ ಮಾಡೀಯೆ ಮಗ, ಅಲ್ಲಿ ದಿನಾ ಕುಂತ್ಕಂಡು?"

"ಒಂದು ಟೂಲ್ ಅವ್ವ. ಜನ ಫೋನಲ್ಲಿ ಏನಾರ ಕೇಳ್ತಾರಲ್ಲ, ಅವರಿಗೆ ಉತ್ತರ ಹುಡುಕಿಕೊಡೋ ಎಐ ಏಜೆಂಟ್ ಅಂತ ಇರ್ತದೆ. ಅದಕ್ಕೆ ವೆಬ್‌ಸೈಟ್ ಓದೋವಾಗ ಜಾಹೀರಾತು, ಹಾಳುಮೂಳು ಎಲ್ಲ ಅಡ್ಡ ಬತ್ತದೆ. ನಮ್ ಟೂಲು ಮುಂಚೇನೆ ಹೋಗಿ, ಕಸ ತೆಗ್ದು, ಬೇಕಾದ್ದಷ್ಟೇ ತಂದ್ಕೊಡ್ತದೆ. ಸರಿಯಾಗಿ ತಂದದಾ ಅಂತ ನಾನು ನೋಡ್ತೀನಿ."

"ಸೊಪ್ಪು ಸೋಸ್ಕೊಟ್ಟಂಗೆ ಅನ್ನು."

"ಹೂಂ, ಹಂಗೇ."

ಮುದ್ದಮ್ಮನಿಗೆ ಅರ್ಥವಾಯಿತು, ಆದರೆ ನಂಬಿಕೆ ಬರಲಿಲ್ಲ. ಪರೀಕ್ಷೆ ಮಾಡಿಯೇಬಿಡೋಣವೆಂದು, ಉತ್ತರ ತನ್ನೊಬ್ಬಳಿಗೇ ಗೊತ್ತಿದ್ದ ಪ್ರಶ್ನೆ ಆರಿಸಿಕೊಂಡಳು. "ಅದಿನಾರಲ್ಲಿ ಬೆರಕೆ ಸೊಪ್ಪು ಎಲ್ ಸಿಕ್ಕದೆ, ಕೇಳು ನೋಡವ."

ಭಾನುಪ್ರಿಯಾ ಕೇಳಿದಳು. ಫೋನು ಹೆಣ್ಣಿನ ದನಿಯಲ್ಲಿ, ಶುದ್ಧ ಪುಸ್ತಕದ ಭಾಷೆಯಲ್ಲಿ ಉತ್ತರ ಕೊಟ್ಟಿತು: ‘ನಂಜುಂಡೇಶ್ ಅವರ ಬಾಳೆತೋಟದ ಹಿಂಬದಿಯಲ್ಲಿ ಬೆರಕೆ ಸೊಪ್ಪು ಹೇರಳವಾಗಿ ಸಿಗುತ್ತದೆ ಎಂದು ಗ್ರಾಮದ ಅನುಭವಿ ಮಹಿಳೆ ಮುದ್ದಮ್ಮ ತಿಳಿಸಿದ್ದಾರೆ.’

ಮುದ್ದಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಹಿಂದಿನ ವರ್ಷ ಮೈಸೂರಿನಿಂದ ಮದನ್ ಎಂಬ ಹುಡುಗ ಬಂದಿದ್ದ. ಕಾಡುಸೊಪ್ಪುಗಳ ಬಗ್ಗೆ ವೆಬ್‌ಸೈಟ್ ಮಾಡಿದ್ದೇನೆಂದು ಹೇಳಿ, ಮರ್ಯಾದೆ ಗೊತ್ತಿಲ್ಲದೆ ಜಾಗ ಕೇಳಿದ್ದ. ಇವಳು ಪದ್ಧತಿಯಂತೆ ಸುಳ್ಳು ಹೇಳಿದ್ದಳು. ನಂಜುಂಡೇಶನ ತೋಟಕ್ಕೆ ಹುಲ್ಲು ಸಾಯುವ ಔಷಧಿ ಹೊಡೆಯುತ್ತಾರೆ, ಊರಿನವರು ಅಲ್ಲಿಗೆ ಆಡನ್ನೂ ಬಿಡುವುದಿಲ್ಲ. ಸುತ್ತ ನಿಂತವರು ಮುಸಿಮುಸಿ ನಕ್ಕಿದ್ದರು. ಮದನ್ ಒಬ್ಬನೇ ಗಂಭೀರವಾಗಿ ಬರೆದುಕೊಂಡಿದ್ದ. ಈಗ ಮಗಳ ಟೂಲು ಅದನ್ನೇ ಸೋಸಿ ತಂದಿತ್ತು.

ಆ ನಗು ಬಹಳ ದಿನ ಉಳಿಯಲಿಲ್ಲ. ಒಂದು ಬೆಳಿಗ್ಗೆ ಅವಳು ಬುಟ್ಟಿ ಇಟ್ಟುಕೊಂಡು ಬಸ್ಸಿಗೆ ಕಾಯುತ್ತಿದ್ದಾಗ ಸ್ಕೂಟರೊಂದು ಬಂದು ನಿಂತಿತು. ತಿ. ನರಸೀಪುರದ ಕಡೆಯ ಗಂಡ ಹೆಂಡತಿ. ಹೆಂಡತಿ ತುಂಬು ಬಸುರಿ.

"ಅಮ್ಮ, ನಂಜುಂಡೇಶ್ ಅನ್ನೋರ ಬಾಳೆತೋಟ ಎಲ್ಲಿ? ಇವಳಿಗೆ ಬೆರಕೆ ಸೊಪ್ಪಿನ ಉಪ್ಸಾರು ಉಣ್ಣೋ ಆಸೆ. ಅಲ್ಲಿ ಸಿಕ್ತದಂತೆ, ಫೋನಲ್ಲಿ ಕೇಳಿದ್ವಿ."

ಮುದ್ದಮ್ಮ ಸ್ಕೂಟರಿಗೆ ಅಡ್ಡ ಬಂದಳು. "ಅಲ್ಗ್ ಓಗ್ಬ್ಯಾಡಿ ಕಣಪ್ಪ. ಔಸ್ದಿ ಒಡ್ದವ್ರೆ ಅಲ್ಲಿ."

"ಮುದ್ದಮ್ಮ ಅನ್ನೋರೇ ಹೇಳವ್ರಂತಲ್ಲ, ಅವ್ರಿಗೆ ಗೊತ್ತಿರಲ್ವ?"

ಆ ಮುದ್ದಮ್ಮ ನಾನೇ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಬುಟ್ಟಿಯ ಸೊಪ್ಪಷ್ಟನ್ನೂ ಬಸುರಿಯ ಚೀಲಕ್ಕೆ ತುಂಬಿ ಕಳಿಸಿ, ಬಂದ ಬಸ್ಸನ್ನು ಬಿಟ್ಟು ಮನೆಗೆ ನಡೆದಳು. ತಾನು ಸಿಕ್ಕದೇ ಹೋಗಿದ್ದರೆ? ನಾಳೆ ಬರುವವರಿಗೆ ಯಾರು ಸಿಗುತ್ತಾರೆ? ಅವಳಿಗೆ ಭಯವಾಯಿತು. ಊರಿನ ಸುಳ್ಳು ಊರಲ್ಲಿರುವವರೆಗೆ ತಮಾಷೆಯಾಗಿತ್ತು.

ಸಂಜೆ ಮಗಳು ಬರುವುದನ್ನೇ ಕಾದು, "ಅದು ಸುಳ್ಳು ಅಂತ ನಿನ್ ಮಿಷಿನ್ಗೆ ಏಳ್ಬುಡು" ಎಂದಳು.

"ಅದು ನಿಜ ಸುಳ್ಳು ನೋಡಲ್ಲ ಅವ್ವ. ಬರ್ದಿರೋದನ್ನ ತತ್ತದೆ. ಬರ್ದೋರೇ ಬದ್ಲಾಯಿಸ್ಬೇಕು" ಎಂದು ಭಾನುಪ್ರಿಯಾ, ವೆಬ್‌ಸೈಟಿನಲ್ಲಿದ್ದ ನಂಬರ್ ಹುಡುಕಿ, ಮದನ್‌ಗೆ ಫೋನ್ ಮಾಡಿ ಅವ್ವನ ಕೈಗೆ ಕೊಟ್ಟಳು.

ಮದನ್ ಎಲ್ಲ ಕೇಳಿಸಿಕೊಂಡ. "ಈಗಲೇ ತಿದ್ದುತೀನಮ್ಮ. ಹಾಗಾದ್ರೆ ನಿಜವಾದ ಜಾಗ ಯಾವುದು?"

ಮುದ್ದಮ್ಮ ಫೋನನ್ನು ಇನ್ನೊಂದು ಕಿವಿಗೆ ಹಿಡಿದಳು. ಹೇಳಿದರೆ ಬದು ಹೋಗುತ್ತದೆ. ಹೇಳದಿದ್ದರೆ ಹೆಸರು ಹೋಗುತ್ತದೆ.

"ಜಾಗ ಬರೀಬ್ಯಾಡಿ ಸಾ. ಮುದ್ದಮ್ಮ ಸುಳ್ ಏಳವ್ಳೆ, ಅಲ್ಲಿರದು ಇಸದ ಸೊಪ್ಪು, ಯಾರೂ ಕೀಳ್ಬ್ಯಾಡಿ ಅಂತ ಬರೀರಿ."

"ನಿಮ್ಮ ಹೆಸರು ಕೆಡುತ್ತಲ್ಲಮ್ಮ?"

"ಎಸ್ರು ಕೆಟ್ರೆ ನನ್ದು. ಒಟ್ಟೇಲಿರೋ ಕೂಸು ಇನ್ನೊಬ್ರುದು."

ಕೆಲವು ದಿನಗಳ ನಂತರ ಭಾನುಪ್ರಿಯಾ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದಳು. ‘ಮುದ್ದಮ್ಮ ಎಂಬುವರು ಸುಳ್ಳು ಮಾಹಿತಿ ನೀಡಿದ್ದರು. ಅಲ್ಲಿ ಕಳೆನಾಶಕ ಸಿಂಪಡಿಸಲಾಗಿದೆ, ಸೊಪ್ಪು ಕೊಯ್ಯಬೇಡಿ. ನಿಜವಾದ ಜಾಗದ ಬಗ್ಗೆ ಮಾಹಿತಿ ಲಭ್ಯವಿಲ್ಲ’ ಎಂದಿತು ಫೋನು. ಮುದ್ದಮ್ಮನಿಗೆ ಎದೆ ಹಗುರವಾಯಿತು. ಯಾವಳೋ ಕಾಣದ ಹೆಣ್ಣಿನ ದನಿಯಲ್ಲಿ ತನ್ನನ್ನು ಸುಳ್ಳಿ ಎಂದದ್ದಕ್ಕೆ ನೋವೂ ಆಯಿತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

ಭಾನುಪ್ರಿಯಾ ಫೋನು ಕೆಳಗಿಟ್ಟು, "ನಂಗಾದ್ರೂ ಹೇಳವ್ವ, ಎಲ್ಲಿ ಕುಯ್ತೀಯ?" ಎಂದಳು.

ಅಭ್ಯಾಸದ ಸುಳ್ಳು ಮುದ್ದಮ್ಮನ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಅದನ್ನು ತಡೆದು, "ನಾಳೆ ಒತ್ತಾರೆ ಬಾ, ತೋರುಸ್ತೀನಿ. ಫೋನ್ ಮನೇಲೇ ಬುಟ್ಟು ಬಾ" ಎಂದಳು.

ಜಾಗ ಯಾವುದೆಂದು ನಾನೂ ಇಲ್ಲಿ ಬರೆಯುವುದಿಲ್ಲ. ಬರೆದದ್ದನ್ನೆಲ್ಲ ಹೊತ್ತುಕೊಂಡು ಹೋಗುವ ಕಾಲ ಇದು. ಎರಡು ಹೊಲಗಳ ನಡುವಿನ ಒಂದು ಬದು ಎಂದಷ್ಟೇ ಹೇಳಬಹುದು. ಚಾಪೆಯಷ್ಟು ಅಗಲ, ಕೂಗಿದರೆ ಕೇಳುವಷ್ಟು ಉದ್ದ. ದೊಡ್ಡ ತೋಟವೇ ಇರಬೇಕೆಂದು ಎಣಿಸಿಕೊಂಡು ಬಂದಿದ್ದ ಭಾನುಪ್ರಿಯಾ ಆ ತುದಿಯಿಂದ ಈ ತುದಿಗೆ ಎರಡು ಸಲ ಕಣ್ಣಾಡಿಸಿದಳು.

"ಇಷ್ಟ್ರಲ್ಲೇ ನನ್ನ ಓದ್ಸಿದ್ಯಾ ಅವ್ವ?"

"ಊಂ, ಇಷ್ಟ್ರಲ್ಲೇ" ಎಂದಳು ಮುದ್ದಮ್ಮ.