ಅಣ್ಣನ ತಡೆ, ದೊಡ್ಡವ್ವನ ತಂಬಿಗೆ

ನಮ್ಮ ದೊಡ್ಡಪ್ಪನ ಮಗ, ನನಗಿಂತ ಹಿರಿಯ, ಖಾನಾಪುರದ ಬಾಸ್ಕೆಟ್‌ಬಾಲ್ ತಂಡದ ನಾಯಕ. ನಾಯಕನಂತೆ! ನೆನೆದರೆ ಈಗಲೂ ನಗು ಬರುತ್ತದೆ. ಇಪ್ಪತ್ತರ ದಶಕದಲ್ಲಿ ಆ ಆಟ ಬೆಳಗಾವಿಯಿಂದ ನಮ್ಮೂರಿಗೆ ಆಗಷ್ಟೇ ಬಂದಿತ್ತು. ಎರಡು ಕಂಬ, ಎರಡು ಕಬ್ಬಿಣದ ಬಳೆ, ಒಂದು ಚರ್ಮದ ಚೆಂಡು. ಬೆಳಗಾವಿಯ ತಂಡದವರು ರೈಲಿನಲ್ಲಿ ಬಂದು, ದೂರದಿಂದಲೇ ಎಸೆದೆಸೆದು ಬಳೆಯೊಳಗೆ ಚೆಂಡು ಹಾಕಿ, ನಮ್ಮನ್ನು ಸೋಲಿಸಿ, ಸಂಜೆಯ ಗಾಡಿಗೆ ನಗುನಗುತ್ತ ಹೋಗುತ್ತಿದ್ದರು.

ಒಂದು ಮಳೆಗಾಲ ಕಳೆದ ಮೇಲೆ ಏನಾಯಿತೋ, ನಮ್ಮೂರಲ್ಲಿ ಅವರಿಗೆ ಚೆಂಡು ಹಾಕುವುದೇ ಆಗದಾಯಿತು. ಎಸೆದದ್ದೆಲ್ಲ ಬಳೆ ಮುಟ್ಟುವ ಮೊದಲೇ ಕೆಳಗೆ. ಅಣ್ಣ ಎದೆಯುಬ್ಬಿಸಿದ. ಅವನು ಆಗಲೇ ಒಂದು ಹೊಸ ಪದ್ಧತಿ ಶುರು ಮಾಡಿದ್ದ: ಎಲ್ಲರೂ ಕೈ ಮೇಲೆತ್ತಿ ಬಳೆಯ ಮುಂದೆ ಸಾಲಾಗಿ ನಿಲ್ಲುವುದು. ಹೊಲದ ಬೆದರುಬೊಂಬೆಗೂ ಗೊತ್ತಿರುವ ವಿದ್ಯೆ ಅದು.

ನಿಜವಾದ ಕಾರಣ ನಮ್ಮ ಹಿತ್ತಲಲ್ಲಿತ್ತು. ಅಲ್ಲಿಯವರೆಗೆ ಚೆಂಡು ಇರುತ್ತಿದ್ದುದು ಪೇಟೆಯ ಒಬ್ಬ ದರ್ಜಿಯ ಅಂಗಡಿಯಲ್ಲಿ. ಅವನು ಅಂಗಡಿ ಮುಚ್ಚಿ ಗೋವಾಕ್ಕೆ ಹೋದ ಮೇಲೆ ಅಣ್ಣ ಅದನ್ನು ಮನೆಗೆ ತಂದ. ಅವನ ತಾಯಿ, ನಮ್ಮ ದೊಡ್ಡವ್ವ, ಬಲು ಮಡಿಯ ಹೆಂಗಸು. ಚರ್ಮದ ಚೆಂಡು ಹೊಸ್ತಿಲು ದಾಟಬೇಕಾದರೆ ಅದಕ್ಕೂ ಸ್ನಾನ ಆಗಲೇಬೇಕು. ದಿನಾ ಸಂಜೆ ಬಚ್ಚಲಕಲ್ಲಿನ ಮೇಲೆ ಅದನ್ನು ಇಡಿಸಿ, ತಾನು ಮುಟ್ಟದೆ, ಮೇಲಿನಿಂದ ತಂಬಿಗೆಗಟ್ಟಲೆ ನೀರು ಸುರಿಯುತ್ತಿದ್ದಳು. ನೀರು ಕುಡಿದೂ ಕುಡಿದೂ ಚೆಂಡು ಹಲಸಿನಕಾಯಿಯಷ್ಟು ಭಾರವಾಗಿತ್ತು. ಕಣಕುಂಬಿ ಘಟ್ಟದ ಕಡೆಯಿಂದ ಮೋಡ ಬಂದ ದಿನವಂತೂ ಒಣಗುತ್ತಲೇ ಇರಲಿಲ್ಲ.

“ಅಣ್ಣಾ, ಇದು ನಿನ್ನ ಪದ್ಧತಿ ಅಲ್ಲೋ, ದೊಡ್ಡವ್ವನ ನೀರು,” ಅಂದೆ.

“ಲೇ ಶಾಣ್ಯಾ, ಚೆಂಡು ಅವರಿಗೂ ಭಾರ, ನಮಗೂ ಭಾರ. ಮತ್ತ ನಾವು ಹ್ಯಾಂಗ ಗೆಲ್ಲತೀವಿ?”

ಹೇಗೆಂದರೆ, ದೂರದಿಂದ ಎಸೆಯುವುದು ನಮಗೆ ಮೊದಲಿಂದಲೂ ಬರುತ್ತಿರಲಿಲ್ಲ. ಬಳೆಯ ಬುಡಕ್ಕೆ ನುಗ್ಗಿ ತುರುಕುವುದೊಂದೇ ಗೊತ್ತು. ಚೆಂಡು ಭಾರವಾದರೆ ನಮಗೆ ಹೋಗುವುದೇನಿತ್ತು? ಇಷ್ಟು ಬಿಡಿಸಿ ಹೇಳಿದರೆ, “ನಿನಗ ಹೊಟ್ಟಿಕಿಚ್ಚು,” ಅಂದ. ಮೈಯೆಲ್ಲ ಉರಿದುಹೋಯಿತು ನನಗೆ.

ಆಗ ಬೆಳಗಾವಿಯ ಒಂದು ಸಾಲೆಯಲ್ಲಿ ಡ್ರಿಲ್ ಮಾಸ್ತರಿಕೆ ಖಾಲಿ ಇತ್ತು. ಕೂತು ಉಣ್ಣುವವನು ಎಂದು ದೊಡ್ಡಪ್ಪ ತಾಟಿನ ಮುಂದೆಯೇ ಹಂಗಿಸುತ್ತಿದ್ದರು. ಅಣ್ಣನಿಗೆ ಆ ಕೆಲಸವೊಂದೇ ದಾರಿ. ತನ್ನ ಪದ್ಧತಿಯನ್ನೇ ಹೊಗಳಿಕೊಂಡು ಹೆಡ್‌ಮಾಸ್ತರರ ಹತ್ತಿರ ಹೋದ.

“ಇಲ್ಲೇ ಬಂದು ಆಡ್ರಿ, ನೋಡೂಣು,” ಅಂದರು ಅವರು.

ಹೋಗಿ ಆಡಿದೆವು. ಬೆಳಗಾವಿಯವರ ಚೆಂಡು ಒಣ ಒಣ. ನಾವೆತ್ತಿದ ಕೈಗಳ ಮೇಲಿಂದ ಹಾರಿ ಬಳೆಯಲ್ಲಿ ಇಳಿಯಿತು, ಮತ್ತೆ ಇಳಿಯಿತು, ಇಳಿಯುತ್ತಲೇ ಇತ್ತು. ಅಣ್ಣ ಮಾತ್ರ “ಕೈ ಮ್ಯಾಲೆ! ಕೈ ಮ್ಯಾಲೆ!” ಎಂದು ಒದರುತ್ತಿದ್ದ. ಥೂ, ನಾಚಿಕೆಗೇಡು. ಹೆಡ್‌ಮಾಸ್ತರರು ಸಭ್ಯರು. “ಬರೂ ಐತವಾರ ಈ ತಂಡದ ಕೂಡ ನಿಮ್ಮೂರಿಗೇ ಬರತೀನಿ. ಇನ್ನೊಮ್ಮೆ ನೋಡಿ ನೌಕರಿ ಮಾತು ಹೇಳತೀನ್ರಿ,” ಅಂದರು.

ವಾಪಸು ಗಾಡಿಯಲ್ಲಿ ಅಣ್ಣ, “ಅವರ ನಸೀಬ ಛಲೋ ಇತ್ತು, ಅಷ್ಟ,” ಅಂದ. ನಾವು ತಡೆದರೆ ಜಾಣತನ, ಅವರು ಹಾಕಿದರೆ ನಸೀಬು! ಇಂಥವನ ಹತ್ತಿರ ಏನು ಮಾತು ಎಂದು ಕಿಟಕಿಯ ಕಡೆ ತಿರುಗಿ ಕೂತೆ.

ಐತವಾರ ಮುಂಜಾನೆ ಹಲ್ಲುಜ್ಜಲು ಹಿತ್ತಲಿಗೆ ಹೋದೆ. ಅಣ್ಣ ಬಚ್ಚಲಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಎರಡೂ ಕೈಯಿಂದ ಚೆಂಡು ಹಿಡಿದಿದ್ದ. ತಂಬಿಗೆ ಹಿಡಿದ ದೊಡ್ಡವ್ವನ ಮುಖದಲ್ಲಿ ಬೆರಗು.

“ನಿನ್ನೆ ಸಂಜೀಕ ತೊಳದೀನಲ್ಲೋ. ಮೈಲಿಗಿ ಎಲ್ಲಾ ಹೋಗೇದ, ಸಾಕು ಬಿಡು.”

ಅಣ್ಣ ನನ್ನನ್ನು ಕಂಡು ಕಣ್ಣು ಕೆಳಗೆ ಹಾಕಿದ.

“ಇನ್ನೊಂದು ತಂಬಿಗಿ ಹಾಕವ್ವಾ,” ಅಂದ.