ಅವ್ವ ಹಾಕಿದ ಓಟು

ಇದನ್ನು ಹೇಳಬೇಕೆಂದು ಎಷ್ಟೋ ವರ್ಷಗಳಿಂದ ಅಂದುಕೊಳ್ಳುತ್ತಲೇ ಇದ್ದೇನೆ. ಚುನಾವಣೆ ಬಂದಾಗಲೆಲ್ಲ ಈ ಸಲ ಹೇಳಿಬಿಡೋಣ ಅನ್ನಿಸುತ್ತದೆ. ಬೆರಳಿನ ಶಾಯಿ ಮಾಸುವಷ್ಟರಲ್ಲಿ ಧೈರ್ಯವೂ ಮಾಸುತ್ತದೆ. ಹೆಂಡತಿಗೆ ಹೇಳಿಲ್ಲ, ಮಕ್ಕಳಿಗೆ ಹೇಳಿಲ್ಲ. ಹೇಳಲೇಬೇಕಾಗಿದ್ದವರಿಗೆ ಮೊದಲೇ ಹೇಳಲಿಲ್ಲ. ನಾನು ಹೈಸ್ಕೂಲಿನವರೆಗೆ ಓದಿದವನು, ಬರೆದು ರೂಢಿಯಿಲ್ಲ. ಮಾತು ಹಿಂದೆ ಮುಂದೆ ಆದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ನಾನು ಎರಡನೇ ಇಯತ್ತೆಯಲ್ಲಿದ್ದ ಕಾಲದಲ್ಲಿ ನಮ್ಮ ಕಡೆ ಪಕ್ಷ ಅನ್ನುವುದು ಮನುಷ್ಯನಿಗೆ ಇರುತ್ತಿರಲಿಲ್ಲ, ಮನೆಗೆ ಇರುತ್ತಿತ್ತು. ಗಜೇಂದ್ರಗಡದ ಸಂತೆಯಲ್ಲಿ ಯಾರಾದರೂ ಸಿಕ್ಕರೆ "ನೀವು ಯಾರ ಪೈಕಿ?" ಅಂತ ಕೇಳುತ್ತಿದ್ದರು. ಹೆಸರು ಆಮೇಲೆ. ನಮ್ಮ ಊರು ಸೂಡಿಯ ದಾರಿಗೆ ಹತ್ತಿಕೊಂಡಿತ್ತು. ಆ ವರ್ಷದ ಪಂಚಾಯಿತಿ ಚುನಾವಣೆಯಲ್ಲಿ ಊರು ಎರಡು ಭಾಗವಾಗಿತ್ತು. ಮೇಲಿನ ಓಣಿಯ ಗೌಡರ ಗುರುತು ಕಂದೀಲು. ಕೆಳಗಿನ ಓಣಿಯಿಂದ ನಿಂತ ಕಿರಾಣಿ ಅಂಗಡಿಯ ಮಲ್ಲಪ್ಪನ ಗುರುತು ಛತ್ರಿ. ನಮ್ಮ ಅಜ್ಜ ಗೌಡರ ಪೈಕಿ ಇದ್ದ, ಆದ್ದರಿಂದ ಅಪ್ಪನೂ ಗೌಡರ ಪೈಕಿ, ಆದ್ದರಿಂದ ನಾನೂ. ಏಳು ವರ್ಷದ ನನಗೆ ಕಂದೀಲು ಯಾಕೆ ಒಳ್ಳೆಯದು ಅಂತ ಯಾರೂ ಹೇಳಿರಲಿಲ್ಲ, ನಾನು ಕೇಳಿಯೂ ಇರಲಿಲ್ಲ.

ಸೀತನಿಯ ದಿನಗಳವು. ಹೊಲದಲ್ಲಿ ಹಾಲುಗಾಳಿನ ಜೋಳದ ತೆನೆ ಸುಟ್ಟು, ಉಜ್ಜಿ, ಬಿಸಿ ಇರುವಾಗಲೇ ಶೇಂಗಾ ಹಿಂಡಿಯ ಜೊತೆ ತಿನ್ನುತ್ತಿದ್ದೆವು. ಆ ಹೊಗೆಯ ವಾಸನೆಯ ಜೊತೆಗೇ ನನಗೆ ಕರಪತ್ರ ಅಂಟಿಸುವ ಗಂಜಿಯ ಹುಳಿ ವಾಸನೆಯೂ ನೆನಪಾಗುತ್ತದೆ. ಸಾಲಿ ಬಿಟ್ಟ ಮೇಲೆ ಕಂದೀಲಿನ ಹುಡುಗರು ಒಂದು ಕಡೆ, ಛತ್ರಿಯ ಹುಡುಗರು ಇನ್ನೊಂದು ಕಡೆ ನಿಂತು ಕೂಗುತ್ತಿದ್ದೆವು. ಚಿಣಿಪಣಿ ಆಟಕ್ಕೂ ಅವರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ನನ್ನ ಅಂಗಿಗೆ ತಗಡಿನ ಕಂದೀಲಿನ ಬಿಲ್ಲೆ ಇತ್ತು. ಮಲಗುವಾಗಲೂ ತೆಗೆಯುತ್ತಿರಲಿಲ್ಲ.

ಮನೆಯ ಓಟನ್ನು ಕಟ್ಟುವ ಒಂದು ಪದ್ಧತಿ ನಮ್ಮಲ್ಲಿತ್ತು. ಚುನಾವಣೆಗೆ ಮುಂಚೆ ಯಜಮಾನರು ಬೀರಪ್ಪನ ಗುಡಿಗೆ ಹೋಗಿ ಭಂಡಾರ, ಅಂದರೆ ದೇವರ ಅರಿಶಿನ ಪುಡಿ, ಹಿಡಿದು ಮಾತು ಕೊಡುತ್ತಿದ್ದರು. ಅಪ್ಪ ಹಿಡಿದು, "ನಮ್ಮ ಮನಿ ನಾಕೂ ಓಟ ಕಂದೀಲಕ್ಕ" ಅಂದು ಬಂದ. ನಾಕು ಅಂದರೆ ಅಪ್ಪ, ಅಜ್ಜಿ, ಕಾಕಾ, ಅವ್ವ. ಗುಡಿಗೆ ಹೋದವನು ಅಪ್ಪ ಒಬ್ಬನೇ.

ಮಲ್ಲಪ್ಪ ಅವ್ವನ ತವರೂರಿನವನು. ದೂರದ ಸಂಬಂಧದಲ್ಲಿ ಅವಳು ಅವನಿಗೆ ಅಣ್ಣ ಅನ್ನುತ್ತಿದ್ದಳು. ಅದಕ್ಕೇ ಅಪ್ಪನಿಗೆ ಒಳಗೊಳಗೆ ಅಳುಕು. ನನ್ನ ಪಾಟಿಯ ಮೇಲೆ ಒಂದರ ಕೆಳಗೊಂದು ಎರಡು ಚೌಕದ ಮನೆ ಗೀಚಿ ಅವ್ವನಿಗೆ ಪಾಠ ಹೇಳಿದ.

"ಮ್ಯಾಲಿಂದು ಕಂದೀಲ, ಕೆಳಗಿಂದು ಛತ್ರಿ. ಮ್ಯಾಲಿಂದಕ್ಕ ಒತ್ತಬೇಕ. ತಿಳೀತಿಲ್ಲೊ?"

"ದಿನಾ ಸಂಜಿಗೆ ಕಂದೀಲ ಒರಸಾಕಿ ನಾನ. ನನಗ ಕಂದೀಲ ಗುರ್ತ ಹತ್ತೂದಿಲ್ಲೇನು?"

"ಒರಸೂದು ಬ್ಯಾರೆ, ಒತ್ತೂದು ಬ್ಯಾರೆ."

"ಹಂಗಾರ ನನ್ನ ಬದ್ಲಿ ನೀವ ಸೀರಿ ಉಟ್ಟು ಹೋಗಿಬರ್ರಿ" ಅಂದಳು ಅವ್ವ. ಅಜ್ಜಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಅಪ್ಪ ನಗಲಿಲ್ಲ.

ಓಟು ನಮ್ಮ ಸಾಲಿಯಲ್ಲೇ ನಡೆಯಿತು. ಅವ್ವನ ಬೆರಳು ಹಿಡಿದು ನಾನೂ ಒಳಗೆ ಹೋದೆ. ಮೇಜಿನ ಹಿಂದಿದ್ದ ಸಾಹೇಬರು, "ಇವನೂ ಹಾಕ್ತಾನೇನವಾ?" ಅಂದರು. "ಇಂವಗ ಬಿಟ್ರ ಇಂವ ಎಲ್ಲಾರ್ದೂ ಹಾಕ್ತಾನ್ರಿ" ಅಂದಳು ಅವ್ವ. ಮೂಲೆಯಲ್ಲಿ ತಾಡಪತ್ರಿ ಕಟ್ಟಿ ಮರೆ ಮಾಡಿದ್ದರು, ಅದರೊಳಗೆ ಒಂದು ಬೆಂಚು. ನಾನು ಅವ್ವನಿಗಿಂತ ಮುಂದೆ ನುಸುಳಿ ಬೆಂಚಿಗೂ ಗೋಡೆಗೂ ನಡುವೆ ನಿಂತೆ. ಬೆಂಚಿನ ಆ ಕಡೆ ಅವ್ವ, ಈ ಕಡೆ ನಾನು, ನಡುವೆ ಚೀಟಿ. ಒಳಗೆ ಮಬ್ಬು. ಅವಳ ಬಳೆಯ ಕೈ ಚಿತ್ರಗಳನ್ನು ಮುಚ್ಚಿತ್ತು. ಶಿಕ್ಕಾದ ಮುದ್ರೆ ಬಿದ್ದ ಜಾಗ ಮಾತ್ರ ಕಂಡಿತು. ಅದು ಕೆಳಗಿನ ಮನೆಯಲ್ಲಿ ಬಿತ್ತು. ನನ್ನ ಗದ್ದಕ್ಕೆ ಹತ್ತಿರದ, ಕೆಳಗಿನ ಮನೆಯಲ್ಲಿ.

ಅವ್ವ ಚೀಟಿ ಮಡಚಿ ಪೆಟ್ಟಿಗೆಗೆ ಹಾಕಿದಳು.

ಕಂದೀಲು ಸೋತಿತು. ಮರುದಿನ ಸಾಲಿಯಲ್ಲಿ ಛತ್ರಿಯ ಹುಡುಗರು ನನ್ನನ್ನು ಕೆಡವಿ ಬಿಲ್ಲೆ ಕಿತ್ತುಕೊಂಡರು. ಅಳುತ್ತಾ ಮನೆಗೆ ಬಂದೆ. ಅವ್ವ ರೊಟ್ಟಿ ಬಡಿಯುತ್ತಾ, "ಸೋತ್ರ ಸೋತ್ರು, ಊರೇನ ಮುಳಗಿಲ್ಲ. ಕೈ ತೊಳಕೊಂಡು ಉಣ್ಣ" ಅಂದು ಸಣ್ಣಗೆ ನಕ್ಕಳು. ಛತ್ರಿ ಗೆದ್ದದ್ದಕ್ಕೇ ಅವಳಿಗೆ ಸಂತೋಷ ಅಂತ ನನಗೆ ಅನ್ನಿಸಿತು. ಹೊರಗೆ ಕಟ್ಟೆಯ ಮೇಲೆ ಗೌಡರು, ಅಪ್ಪ, ಇನ್ನೂ ಮೂರು ನಾಲ್ಕು ಮಂದಿ ಕೂತಿದ್ದರು. ಭಂಡಾರ ಹಿಡಿದೂ ಯಾರು ಮುರಿದರು ಅನ್ನುವ ಮಾತು ನಡೆದಿತ್ತು. ನಾನು ನೇರ ಅಲ್ಲಿಗೆ ಹೋಗಿ ಹೇಳಿದೆ:

"ನಮ್ಮವ್ವ ಕೆಳಗಿಂದಕ್ಕ ಒತ್ತ್ಯಾಳ. ನಾ ನೋಡೀನಿ."

ಯಾಕೆ ಹೇಳಿದೆ? ಬಿಲ್ಲೆ ಹೋದ ಸಿಟ್ಟೋ, ದೊಡ್ಡವರ ನಡುವೆ ಶಾಣ್ಯಾ ಅನ್ನಿಸಿಕೊಳ್ಳುವ ಆಸೆಯೋ, ಅಪ್ಪನ ಪೈಕಿ ನಾನು ಅಂತ ತೋರಿಸುವುದೋ, ಈಗಲೂ ನನಗೆ ಬಗೆಹರಿದಿಲ್ಲ. ಅಪ್ಪನ ಮುಖ ಬೂದಿಯಾಯಿತು. ಗೌಡರು ಎದ್ದು ಧೋತರ ಝಾಡಿಸಿಕೊಂಡು, "ಇದನ್ನ ಗುಡ್ಯಾಗ ಕೇಳೂಣು" ಅಂದರು.

ಮರುದಿನ ಮುಂಜಾನೆ ಗುಡಿಯ ಮುಂದೆ ಮಂದಿ ಸೇರಿದರು. ಪೂಜಾರಿ ನನ್ನ ಬಲಗೈ ಬಿಡಿಸಿ ಭಂಡಾರ ಹಾಕಿದ.

"ಹೇಳಪಾ. ಎದಕ್ಕ ಒತ್ತಿದ್ಲು?"

"ಕೆಳಗಿಂದಕ್ಕ."

"ನೀ ಕಣ್ಣಾರೆ ನೋಡೀಯೇನು?"

"ನೋಡೀನ್ರಿ."

ಪೂಜಾರಿ ಅವ್ವನ ಕಡೆ ತಿರುಗಿದ. "ತಂಗಿ, ಹುಡುಗ ಭಂಡಾರ ಹಿಡದಾನ. ತಿಳದು ಹೇಳು. ಇಬ್ಬರೊಳಗ ಯಾರದು ಸುಳ್ಳೋ ಅವರನ್ನ ದೇವರ ಬಿಡೂದಿಲ್ಲ."

ಅವ್ವ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ನನ್ನ ಅಂಗೈ ನೋಡಿದಳು. ಆ ನೋಟ ನನಗೆ ಇನ್ನೂ ಕಾಣುತ್ತದೆ. ತೆರೆದ ಬಾಯಿ ಮುಚ್ಚಿ, ಸೆರಗು ಸರಿಮಾಡಿಕೊಂಡು, "ಹುಡುಗ ಖರೇ ಹೇಳ್ಯಾನ್ರಿ. ತಪ್ಪ ನಂದ" ಅಂದಳು.

ತಪ್ಪು ಒಪ್ಪಿಕೊಂಡವರು ಮೈಮೇಲೆ ನೀರು ಸುರುವಿಕೊಂಡು ಹಸಿಬಟ್ಟೆಯಲ್ಲಿ ಗುಡಿಗೆ ಐದು ಸುತ್ತು ಬರಬೇಕು. ಚಳಿ ಇತ್ತು. ಗಂಡಸರೆಲ್ಲ ನಿಂತಿದ್ದರು. ಒದ್ದೆ ಸೀರೆ ಮೈಗೆ ಅಂಟಿ ಅವ್ವ ಸುತ್ತು ಬರುವಾಗ ಯಾರೋ, "ಛತ್ರಿ ಇದ್ರೂ ತೊಯ್ದಳಲ್ಲಪಾ" ಅಂದರು, ಕೆಲವರು ನಕ್ಕರು. ಅಪ್ಪ ನೆಲ ನೋಡುತ್ತಿದ್ದ. ಐದು ಸುತ್ತು ಮುಗಿದ ಮೇಲೆ ಅವ್ವ ಸೀರೆಯ ನೀರು ಸಹ ಹಿಂಡಿಕೊಳ್ಳದೆ ಮೊದಲು ನನ್ನ ಹತ್ತಿರ ಬಂದಳು. ನನ್ನನ್ನು ತೊಟ್ಟಿಯ ಹತ್ತಿರ ಕರೆದುಕೊಂಡು ಹೋಗಿ ಕೈಯನ್ನು ಬೆರಳು ಬೆರಳು ಬಿಡಿಸಿ ತೊಳೆದಳು.

ಅಪ್ಪ ಹೊಡೆಯಲಿಲ್ಲ. ಆದರೆ ಯುಗಾದಿಯವರೆಗೆ ಅವಳ ಕೈಯಿಂದ ನೀರು ತೆಗೆದುಕೊಳ್ಳಲಿಲ್ಲ, ಅಜ್ಜಿ ಕೊಟ್ಟರೆ ಕುಡಿಯುತ್ತಿದ್ದ. ಓಣಿಯ ಹೆಂಗಸರು ಅವ್ವನನ್ನು ಛತ್ರಿ ಅಕ್ಕ ಅಂದರು. ಎಲ್ಲಕ್ಕಿಂತ ದೊಡ್ಡ ಮಾತೆಂದರೆ ಅವ್ವ ಮತ್ತೆ ಎಂದೂ ಓಟು ಹಾಕಲಿಲ್ಲ. ಕರೆಯಲು ಬಂದವರಿಗೆ, "ನನ್ನ ಓಟ ನನ್ನ ಮಗ ಹಾಕ್ಯಾನ್ರಿ" ಅನ್ನುತ್ತಿದ್ದಳು. ಬಂದವರು ಅದನ್ನು ತಮಾಷೆ ಅಂತ ತಿಳಿದು ನಗುತ್ತಿದ್ದರು.

ನನಗೆ ವಯಸ್ಸಾಗಿ ಮೊದಲ ಸಲ ಓಟು ಹಾಕಲು ಹೋದೆ. ಅದೇ ಸಾಲಿ. ಚೀಟಿ ಹರಡಿ, ಅಪ್ಪ ಹೇಳಿದ ಹಾಗೆ ಮೊದಲನೆಯ ಮನೆಗೆ ಶಿಕ್ಕಾ ಒತ್ತಿದೆ. ಶಿಕ್ಕಾ ನನ್ನಿಂದ ದೂರ, ಬೆಂಚಿನ ಆ ಅಂಚಿನ ಹತ್ತಿರ ಬಿತ್ತು. ಕೈ ಅಲ್ಲೇ ನಿಂತಿತು. ಈಗ ಎದುರಿಗೆ ಗೋಡೆಗೆ ಒತ್ತಿಕೊಂಡು ಒಬ್ಬ ಹುಡುಗ ನಿಂತಿದ್ದರೆ ಅವನಿಗೆ ಇದು ಕೆಳಗಿನ ಮನೆ ಅಂತ ಕಾಣುತ್ತದೆ. ಅವ್ವನ ಮೇಲಿನದು ನನಗೆ ಕೆಳಗಿನದಾಗಿತ್ತು. ಹಿಂದಿನವರು "ಲಗೂ ಮುಗಸ್ರಿ" ಅಂದಾಗ ಎಚ್ಚರವಾಯಿತು.

ಮನೆಗೆ ಓಡಿದೆ. ಅವ್ವ ಕಡಲೆ ಸೊಪ್ಪು ಸೋಸುತ್ತಿದ್ದಳು.

"ಅವ್ವಾ, ಓಟ ಹಾಕಿ ಬಂದ್ನಿ."

"ಚಲೋ ಆತು. ಉಣ್ಣಾಕ ಕುಂದ್ರು."

ಯಾರಿಗೆ ಅಂತ ಕೇಳಲಿಲ್ಲ. ನಾನು ಉಂಡೆ.

ಆಮೇಲೆ ನನಗೆ ಇನ್ನೊಂದು ಅನುಮಾನ ಹತ್ತಿತು. ನನ್ನ ನೆನಪೇ ತಿರುಗಿರಬಹುದು. ಶಿಕ್ಕಾ ಖರೇ ಎಲ್ಲಿ ಬಿತ್ತು? ಅವ್ವ ತಾನು ಅಣ್ಣ ಅನ್ನುತ್ತಿದ್ದ ಮಲ್ಲಪ್ಪನಿಗೇ ಹಾಕಿರಬಹುದು, ಅಂದು ಗುಡಿಯ ಮುಂದೆ ಖರೇ ಒಪ್ಪಿಕೊಂಡಿರಬಹುದು. ಛತ್ರಿಗೆ ಹಾಕಿದ್ದರೆ ಗುಟ್ಟು ಹೇಳಿದ್ದಕ್ಕೆ ತಪ್ಪಾಯಿತು ಅನ್ನಬೇಕು. ಕಂದೀಲಿಗೆ ಹಾಕಿದ್ದರೆ ಸುಳ್ಳು ಸಾಕ್ಷಿಗೆ ತಪ್ಪಾಯಿತು ಅನ್ನಬೇಕು. ಯಾವುದಕ್ಕೆ ಅಂತ ತಿಳಿಯದೆ ನಾನು ತಡಮಾಡಿದೆ. ಎರಡಕ್ಕೂ ಒಂದೇ ಮಾತು ಸಾಕಾಗುತ್ತಿತ್ತು ಅಂತ ಹೊಳೆಯುವಷ್ಟರಲ್ಲಿ ಅವಳು ಇರಲಿಲ್ಲ.

ನಾನು ಮಾತ್ರ ಇಂದಿಗೂ ಅಪ್ಪನ ಪಕ್ಷ. ಗೌಡರು ಹೋದರು, ಕಂದೀಲು ಹೋಯಿತು, ಅವರ ಮಕ್ಕಳು ಯಾವ ಪಕ್ಷದಲ್ಲಿ ಇದ್ದಾರೋ ನಾನೂ ಅದಕ್ಕೇ. ಬೇರೆಯದಕ್ಕೆ ಒಂದು ಸಲ ಕೈ ಹೋಗಿತ್ತು. ಆದರೆ ನಾನೇ ಬೇರೆಯದಕ್ಕೆ ಹಾಕುವುದಾದರೆ ಅಂದು ಅವ್ವನನ್ನು ಸುಮ್ಮನೆ ತೋಯಿಸಿದಂತಾಗುತ್ತದೆ ಅನ್ನಿಸಿ ಕೈ ಹಿಂದೆ ಬಂತು. ಇದು ಪಕ್ಷದ ನಿಷ್ಠೆಯೋ ಹಟವೋ ನನಗೆ ಗೊತ್ತಿಲ್ಲ. ಮೊನ್ನೆ ಹೊಸದಾಗಿ ಓಟು ಬಂದ ಮೊಮ್ಮಗಳು ಕೇಳಿದಳು:

"ಅಜ್ಜಾ, ನೀ ಯಾಕ ಯಾವಾಗ್ಲೂ ಅದಕ್ಕ ಹಾಕ್ತಿ?"

"ನಮ್ಮಪ್ಪ ಹಾಕ್ತಿದ್ದ."

"ಮತ್ತ ನಿಮ್ಮವ್ವ?"

ನಾನು ಎದ್ದು ಹೊರಗೆ ಹೋದೆ.

ಈಗ ನಮ್ಮ ಮನೆಯ ಆರು ಓಟಿಗೆ ಮೂರು ಪಕ್ಷ. ಸೊಸೆ ಊಟಕ್ಕೆ ಬಡಿಸುತ್ತಾ, "ನಾ ನಿಮ್ಮವರಿಗೆ ಹಾಕಿಲ್ರಿ ಮಾವಾರ" ಅನ್ನುತ್ತಾಳೆ, ಮಗ ನಕ್ಕು ಇನ್ನೊಂದು ರೊಟ್ಟಿ ಕೇಳುತ್ತಾನೆ. ಒಂದು ಮನೆಗೆ ಒಂದೇ ಮಾತು ಅನ್ನುವ ಕಾಲ ಹೋಯಿತು ಅಂತ ನನ್ನ ವಾರಿಗೆಯವರು ಕೊರಗುತ್ತಾರೆ. ಅದಕ್ಕೆ ನನಗೆ ಕೊರಗಿಲ್ಲ. ನನಗೆ ಕಳೆದದ್ದು ಬೇರೆ. ಆ ಸೀತನಿಯ ದಿನಗಳಿಂದ ಅವಳು ಸಾಯುವವರೆಗೆ ಎಷ್ಟೋ ಚುನಾವಣೆ ಬಂದವು, ಅಷ್ಟೂ ಸಲ ಒಬ್ಬ ಹೆಣ್ಣುಮಗಳು ಶಾಯಿಯಿಲ್ಲದ ಬೆರಳಿನಿಂದ ಮನೆಯಲ್ಲಿ ಕೂತು ಕೆಲಸ ಮಾಡಿದಳು. ಅವಳಿಗೆ ಯಾರು ಬೇಕಾಗಿತ್ತು, ಯಾಕೆ ಬೇಕಾಗಿತ್ತು ಅಂತ ಅಪ್ಪನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಅವಳಿಗೆ ತಪ್ಪಾಯಿತು ಅಂತ ನಾನು ಒಂದು ದಿನವೂ ಅನ್ನಲಿಲ್ಲ. ಅವಳ ಹೆಸರು ಫಕೀರವ್ವ.